‘ಎಂಥದೂ ಬೇಡ ಮಗಾ’ ಎನ್ನುವವರ ಬೇಕುಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬೈಯ ಕನ್ನಡ ಪತ್ರಿಕೆಗಳ ಪುಟ ತಿರುವಿದರೆ ಷಷ್ಟ್ಯಬ್ದಿಯದೋ, ಭೀಮರಥ ಶಾಂತಿಯದೋ, ಸಹಸ್ರ ಚಂದ್ರ ದರ್ಶನದ್ದೋ ಒಂದು ಶುಭಾಶಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಪೇಟ ತೊಟ್ಟ ಅಪ್ಪ, ಜರಿ ಸೀರೆಯ ಅಮ್ಮ, ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರಿನ ಸಾಲು. ನೋಡಲು ಸಂತೋಷವೇ. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಒಂದು ಖೋಲಿಯಲ್ಲಿ ಮಕ್ಕಳನ್ನು ಬೆಳೆಸಿದ ತಲೆಮಾರಿಗೆ ಅರ್ಧ ಪುಟದ ಕೃತಜ್ಞತೆ ಹೆಚ್ಚೇನಲ್ಲ. ಆದರೆ ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ನಮಗೆ ಆ ಪುಟ ಕಂಡಾಗ ಮೊದಲು ಬರುವ ಯೋಚನೆಯೇ ಬೇರೆ: ಈ ಮನೆಯ ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ? ವೃತ್ತಿಯ ದೋಷ ಅನ್ನಿ.

ನಮ್ಮ ಕಡೆಯ ಹಿರಿಯರು ಬಾಯಿಬಿಟ್ಟು ಕೇಳುವವರಲ್ಲ. ಏನು ಬೇಕೆಂದು ವಿಚಾರಿಸಿದರೆ ‘ಎಂಥದೂ ಬೇಡ ಮಗಾ, ನೀನು ಆರಾಮ ಇದ್ದರೆ ಸಾಕು’ ಎನ್ನುತ್ತಾರೆ. ಮಕ್ಕಳೂ ಅದನ್ನು ಅಕ್ಷರಶಃ ನಂಬಿಬಿಡುತ್ತಾರೆ. ಆ ಒಂದೊಂದು ‘ಬೇಡ’ದ ಹಿಂದೆಯೂ ಒಂದು ನೋವೋ, ಹೆದರಿಕೆಯೋ, ಖರ್ಚಿನ ಲೆಕ್ಕವೋ ಇರುತ್ತದೆ. ಹೆತ್ತವರ ಋಣದ ಮಾತನ್ನು ಅಲ್ಲಿಂದ ಶುರು ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

‘ನೀರು ಬೇಡ’ ಎನ್ನುವುದನ್ನೇ ನೋಡಿ. ರಾತ್ರಿ ಮೂರು ಮೂರು ಸಲ ಏಳಬೇಕಾಗುತ್ತದೆಂದು ಮಧ್ಯಾಹ್ನದಿಂದಲೇ ನೀರು ನಿಲ್ಲಿಸುವ ಅಮ್ಮಂದಿರು ಎಷ್ಟೋ ಜನ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಇದರ ಜೊತೆಗೆ ಮುಂಬೈಯ ಸೆಕೆ, ಬೆವರು. ಆಗ ಮಲಬದ್ಧತೆ, ಉರಿಮೂತ್ರ, ಎದ್ದ ಕೂಡಲೇ ತಲೆಸುತ್ತು ಒಂದರ ಹಿಂದೊಂದು ಬರುತ್ತವೆ. ದಿನದ ನೀರಿನಲ್ಲಿ ಬಹುಪಾಲನ್ನು ಸಂಜೆ ಐದರೊಳಗೆ ಕುಡಿಸಿ ಮುಗಿಸಿ. ಗಂಜಿ ತಿಳಿ, ಮಜ್ಜಿಗೆ, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ, ಕಿಡ್ನಿ ತೊಂದರೆಯವರಿಗೆ ಮಾತ್ರ ಎಷ್ಟು ನೀರೆಂದು ಡಾಕ್ಟರೇ ಹೇಳಬೇಕು. ಬಿಪಿ ಮಾತ್ರೆಯ ಹೆಸರಿನ ಬಾಲದಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರೊಳಗೆ ಮೂತ್ರ ಹೆಚ್ಚಿಸುವ ಮದ್ದು, ಜನ ‘ನೀರಿನ ಮಾತ್ರೆ’ ಎನ್ನುವುದು, ಸೇರಿರುತ್ತದೆ. ಅದನ್ನು ರಾತ್ರಿ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಎಷ್ಟೋ ಮನೆಗಳಲ್ಲಿ ಈ ಒಂದು ಪ್ರಶ್ನೆಯಿಂದ ರಾತ್ರಿಯ ಓಡಾಟ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯ ಬಗ್ಗೆ ಒಂದು ಮಾತು. ಈ ಗಾದೆ ಮಾಡಿದಷ್ಟು ಹಾನಿಯನ್ನು ಬೇರೆ ಯಾವ ಗಾದೆಯೂ ಮಾಡಿರಲಾರದು. ನಿನ್ನೆಯವರೆಗೆ ಸರಿಯಾಗಿದ್ದ ಅಪ್ಪ ಇವತ್ತು ಮಗನನ್ನು ತಮ್ಮನೆಂದು ಕರೆದರೆ, ಹಗಲು ನಿದ್ದೆ ಮಾಡಿ ರಾತ್ರಿ ಗಲಾಟೆ ಮಾಡಿದರೆ ಅದು ವಯಸ್ಸಿನ ಗುಣವಲ್ಲ. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಹೆಚ್ಚಾಗಿ ದೇಹದಲ್ಲೇ ಕಾರಣವಿರುತ್ತದೆ: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ಸಕ್ಕರೆಯ ಏರುಪೇರು, ಎದೆಯ ಸೋಂಕು, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ. ಮುದುಕರಲ್ಲಿ ಸೋಂಕಿಗೆ ಜ್ವರ ಬಂದೇ ಬರಬೇಕೆಂದಿಲ್ಲ. ಅದೇ ದಿನ ಡಾಕ್ಟರಿಗೆ ತೋರಿಸಿ ಸಕ್ಕರೆ, ಸೋಡಿಯಂ, ಮೂತ್ರ ಮೂರನ್ನೂ ಪರೀಕ್ಷಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಗುರುತು, ಅರ್ಧ ಗಂಟೆಯೂ ಕಾಯಬಾರದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆಯ ಅವಕಾಶ. ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ. ಅಲ್ಲಿ ಮೊದಲು ಕೇಳುವುದು ಅದನ್ನೇ.

ಇನ್ನು ‘ಇವತ್ತು ಸ್ನಾನ ಬೇಡ.’ ಇದನ್ನು ಸೋಮಾರಿತನ ಎಂದುಕೊಂಡು ಗದರಿಸುವವರಿದ್ದಾರೆ. ನಿಜವಾಗಿ ಅದು ಜಾರಿ ಬೀಳುವ ಹೆದರಿಕೆ. ಮುಂಬೈಯ ಬಚ್ಚಲು ನಾಲ್ಕು ಅಡಿ ಅಗಲವಿದ್ದರೆ ಹೆಚ್ಚು. ಬೆಳಗಿನ ನೀರು ಹಿಡಿದಿಟ್ಟ ಡ್ರಮ್ಮು ಅದರಲ್ಲಿ ಒಂದು ಮೂಲೆ ನುಂಗುತ್ತದೆ. ನೆಲ ಯಾವಾಗಲೂ ಒದ್ದೆ. ಹಿರಿಯರು ಅಲ್ಲಿ ಏನು ಹಿಡಿದುಕೊಳ್ಳುತ್ತಾರೆಂದು ಒಮ್ಮೆ ಗಮನಿಸಿ ನೋಡಿ. ನಲ್ಲಿ, ಟವೆಲ್ ರಾಡು, ಇಲ್ಲವೆ ಬಾಗಿಲ ಚಿಲಕ. ಮೂರೂ ಮನುಷ್ಯನ ಭಾರಕ್ಕೆ ಮಾಡಿದವಲ್ಲ. ಟವೆಲ್ ರಾಡು ಟವೆಲಿಗೆ ಮಾತ್ರ.

ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರ್ಯಾಬ್ ಬಾರ್ (ಗೋಡೆಗೆ ಕೂರಿಸುವ ಹಿಡಿಸರಳು) ಎಂದೇ ಕೇಳಿ. ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ್ದಾಗಿರಲಿ. ಅದಕ್ಕಿಂತ ದಪ್ಪಗಿದ್ದರೆ ಸಂಧಿವಾತದ ಬೆರಳು ಸುತ್ತುವುದಿಲ್ಲ. ಗೋಡೆಗೂ ಸರಳಿಗೂ ನಡುವೆ ಒಂದೂವರೆ ಇಂಚು ಸಂದು ಸಾಕು, ಹೆಚ್ಚಿದ್ದರೆ ಜಾರಿದಾಗ ಮೊಣಕೈ ಸಿಕ್ಕಿಕೊಳ್ಳುತ್ತದೆ. ಸ್ಟೀಲು 304 ದರ್ಜೆಯದು ಬೇಕು. 202 ಅಗ್ಗ, ಆದರೆ ನಮ್ಮ ಸಮುದ್ರದ ಗಾಳಿಗೆ ಅದರ ಸ್ಕ್ರೂ ಬುಡದಲ್ಲಿ ಬೇಗ ತುಕ್ಕು ಏಳುತ್ತದೆ. ಗಾಜಿಗೆ ಅಂಟುವಂತೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆಗಳನ್ನು ತರಲೇಬೇಡಿ. ಅಂಟಿದಂತೆ ಕಾಣುತ್ತವೆ, ಭಾರ ಬಿದ್ದ ದಿನ ಕೈಗೆ ಕಿತ್ತು ಬರುತ್ತವೆ. ಕಮೋಡಿನ ಪಕ್ಕ ಒಂದು, ಸ್ನಾನಕ್ಕೆ ಕೂರುವ ಜಾಗದಲ್ಲಿ ಒಂದು, ಎರಡೂ ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ. ಹೊಸ್ತಿಲು ಅಥವಾ ಮೆಟ್ಟಿಲಿದ್ದರೆ ಬಾಗಿಲ ಬಳಿ ಒಂದು ನೆಟ್ಟಗಿನದು. ಈ ಅಳತೆ ಸರಾಸರಿಯದು ಅಷ್ಟೇ. ಕೂಡಿಸಿ, ಎಬ್ಬಿಸಿ, ಅಮ್ಮನ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ.

ಕೂರಿಸುವಾಗ ತಪ್ಪುವುದು ಸ್ಕ್ರೂವಿನಲ್ಲಿ. ಹಳೆ ಕಟ್ಟಡಗಳ ಗೋಡೆಗೆ ಗಾರೆ ದಪ್ಪ. ಒಂದು ಇಂಚಿನ ಸ್ಕ್ರೂ ಟೈಲು, ಗಾರೆ ದಾಟುವುದರೊಳಗೇ ಮುಗಿದು ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಎರಡೂವರೆ ಇಂಚಿನದು ಹಾಕಿಸಿ. ಹೊಸ ಟವರುಗಳ ಹಗುರ ಬ್ಲಾಕಿನ ಗೋಡೆಗೆ ಸಾದಾ ಪ್ಲಗ್ಗು ನಿಲ್ಲುವುದಿಲ್ಲ, ಕೆಮಿಕಲ್ ಫಾಸ್ಟನರ್ ಬೇಕೆಂದು ಮೊದಲೇ ಹೇಳಿ. ಡ್ರಿಲ್ ಹಾಕುವ ಮುಂಚೆ ಒಳಗೆ ಓಡಿದ ಪೈಪೂ ಗೀಸರಿನ ವೈರೂ ಎಲ್ಲಿವೆಯೆಂದು ಪ್ಲಂಬರನಿಂದ ತಿಳಿದುಕೊಳ್ಳಿ. ಕೂರಿಸಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಭಾರದ ಆಳು ಜೋತುಬಿದ್ದು ನೋಡಲಿ, ಆಮೇಲೆ ಹಿರಿಯರು. ಬಾಡಿಗೆ ಮನೆ, ಮಾಲೀಕ ಡ್ರಿಲ್ ಹಾಕಲು ಬಿಡುವುದಿಲ್ಲ ಎಂದಾದರೆ ಕಮೋಡಿನ ಮೇಲೆ ನಿಲ್ಲುವ, ಎರಡು ಕಡೆ ಕೈಹಿಡಿ ಇರುವ ನಾಲ್ಕು ಕಾಲಿನ ಕಮೋಡ್ ಕುರ್ಚಿ ಸಿಗುತ್ತದೆ. ಆಸನ 17ರಿಂದ 19 ಇಂಚು ಎತ್ತರವಿದ್ದರೆ ಮೊಣಕಾಲು ನೋವಿನವರು ಯಾರನ್ನೂ ಕೂಗದೆ ಎದ್ದು ಬರಬಹುದು. ಕೂಗದೆ ಎದ್ದು ಬರುವುದು ಎಷ್ಟು ದೊಡ್ಡ ಮರ್ಯಾದೆಯ ಮಾತೆಂದು ನಲವತ್ತರ ಪ್ರಾಯದವರಿಗೆ ಹೊಳೆಯುವುದು ಕಷ್ಟ.

ಸ್ನಾನ ಕೂತೇ ಆಗಲಿ. ರಬ್ಬರ್ ಬೂಟಿನ ಅಲ್ಯೂಮಿನಿಯಂ ಸ್ಟೂಲು ತನ್ನಿ, ಪ್ಲಾಸ್ಟಿಕ್ಕಿನದು ಸೋಪು ನೀರಿನಲ್ಲಿ ಜಾರುತ್ತದೆ, ಹಳೆಯದಾದರೆ ಕಾಲು ಬಿರಿಯುತ್ತದೆ. ಬಕೆಟ್ಟನ್ನೂ ಒಂದು ಗಟ್ಟಿ ಪೀಠದ ಮೇಲಿಡಿ. ಬಗ್ಗಿ ಬಗ್ಗಿ ತಂಬಿಗೆಯಲ್ಲಿ ನೀರೆತ್ತುವಾಗಲೇ ತಲೆ ತಿರುಗುವುದು. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಎಣ್ಣೆ ಸ್ನಾನ ಬೇಕೇ ಬೇಕೆನ್ನುವವರಿಗೆ ಎಣ್ಣೆಯನ್ನು ಕೋಣೆಯಲ್ಲಿ ಹಚ್ಚಿ, ಪಾದ ಒರೆಸಿ, ಬಚ್ಚಲಿಗೆ ಕರೆತನ್ನಿ. ಬಾಗಿಲ ಚಿಲಕವನ್ನು ಹೊರಗಿನಿಂದ ತೆಗೆಯಲು ಬರುವಂತೆ ಬದಲಿಸಿ. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು.

ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ದೀಪ, ನಡುವೆ ಮ್ಯಾಟು ಇರಬಾರದು. ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ ಏಳಲಿ. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿ. ಮೇಲಿನ ಅಂಕೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಪ್ರಾಸ್ಟೇಟಿನ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ.

ಮಾತ್ರೆಯ ವಿಷಯದಲ್ಲಿ ಮುಂಬೈ ಕನ್ನಡಿಗರಿಗೆ ಒಂದು ವಿಶೇಷ ಅಪಾಯವಿದೆ. ಊರಿನ ಡಾಕ್ಟರು ಬರೆದ ಬಿಪಿ ಮಾತ್ರೆ ಒಂದು ಕಂಪನಿಯದು, ಇಲ್ಲಿಯ ಡಾಕ್ಟರು ಬರೆದದ್ದು ಇನ್ನೊಂದು ಕಂಪನಿಯದು. ಹೆಸರು ಬೇರೆ, ಬಣ್ಣ ಬೇರೆ, ಮದ್ದು ಒಂದೇ. ಹಿರಿಯರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿರುತ್ತಾರೆ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಹೆಸರೇ ನಿಜವಾದ ಮದ್ದಿನ ಹೆಸರು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂಬಂತೆ. ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನು, ಕಷಾಯ, ಲೇಹ್ಯ, ನೋವಿನ ಮಾತ್ರೆ ಸಮೇತ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಮೊಣಕಾಲು ನೋವಿಗೆ ಮೆಡಿಕಲ್ಲಿನಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್ ಬಿಪಿಯನ್ನು ಏರಿಸುತ್ತದೆ, ಕಿಡ್ನಿಯನ್ನು ಕೆಡಿಸುತ್ತದೆ. ಅದನ್ನು ಯಾರೂ ‘ಮದ್ದು’ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರಿನ ಕೊನೆಗೆ ‘ಎಸ್‌ಆರ್’, ‘ಎಕ್ಸ್‌ಎಲ್’ ಎಂದಿರುವ ಮಾತ್ರೆಗಳು ನಿಧಾನ ಕರಗುವಂಥವು, ಅವನ್ನು ಕುಟ್ಟಿ ಪುಡಿ ಮಾಡಿ ಗಂಜಿಗೆ ಬೆರೆಸಬಾರದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಅದಾಗಿ ನಾಲ್ಕು ಗಂಟೆಯ ಮೇಲೆ.

‘ಇವತ್ತು ಊಟ ಬೇಡ, ಒಪ್ಪತ್ತು’ ಎಂಬ ಮಾತಿಗೂ ಕಿವಿಗೊಡಬೇಕು. ಏಕಾದಶಿ, ಸಂಕಷ್ಟಿ, ಶ್ರಾವಣ ಶನಿವಾರ. ಉಪವಾಸ ಬಿಡಿ ಎಂದರೆ ಕೇಳುವವರಲ್ಲ, ಕೇಳಬೇಕೆಂದೂ ಇಲ್ಲ. ಆದರೆ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ಬೆಳಿಗ್ಗೆ ನುಂಗಿ ಸಂಕಷ್ಟಿಯ ಚಂದ್ರೋದಯದವರೆಗೆ ಏನೂ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ. ಮುಂದಿನ ಮೂರು ತಿಂಗಳ ಉಪವಾಸದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಅರ್ಧ ಮಾಡಬೇಕೆಂದು ಡಾಕ್ಟರಿಂದ ಬರೆಸಿಕೊಳ್ಳಿ. ಬೆವರು, ನಡುಕ, ತಬ್ಬಿಬ್ಬು ಕಂಡು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆ. ಈ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಸರಿಹೋಗಿ ಕೆಲವು ಗಂಟೆಯ ಬಳಿಕ ಮತ್ತೆ ಇಳಿಯಬಹುದು, ಹಾಗಾಗಿ ಆ ರಾತ್ರಿ ಒಬ್ಬರು ಪಕ್ಕದಲ್ಲೇ ಮಲಗಿ.

ಉಪವಾಸವಿಲ್ಲದ ದಿನವೂ ಊಟ ಬೇಡವೆಂದರೆ ಹಲ್ಲಿನ ಸೆಟ್ಟು ಸಡಿಲವಾಗಿದೆಯೇ, ಬಾಯಿ ಒಣಗುತ್ತಿದೆಯೇ, ಹೊಟ್ಟೆ ಕಟ್ಟಿದೆಯೇ ನೋಡಿ. ಮಾಟುಂಗಾ ಮಾರ್ಕೆಟಿನಿಂದ ಬಸಳೆ ತಂದು ಕುಚ್ಚಲಕ್ಕಿ ಗಂಜಿಯ ಜೊತೆ ಬಡಿಸಿದಾಗ ಬೇಡವೆಂದವರು ಎರಡು ಸಲ ಹಾಕಿಸಿಕೊಂಡರೆ ತೊಂದರೆ ಹೊಟ್ಟೆಯದಲ್ಲ, ದಿನಾ ಬಡಿಸುವ ಓಟ್ಸಿನದು. ಅದಕ್ಕೂ ಜಗ್ಗದೆ ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ. 60 ಕಿಲೋ ಇದ್ದವರು ಆರು ತಿಂಗಳಲ್ಲಿ ಮೂರು ಕಿಲೋ ಕಾರಣವಿಲ್ಲದೆ ಇಳಿದರೂ ತಪಾಸಣೆ ಬೇಕು.

‘ಟಿವಿ ಬೇಡ, ನೀವು ಮಾತಾಡಿ, ನಾನು ಒಳಗೆ ಮಲಗುತ್ತೇನೆ’ ಎನ್ನುವುದು ಹೆಚ್ಚಾಗಿ ಕಿವಿಯ ಸಮಸ್ಯೆ. ಮೊದಲು ಗುಗ್ಗೆ ತೆಗೆಸಿ, ಆಮೇಲೆ ಶ್ರವಣ ಪರೀಕ್ಷೆ. 1983ರಿಂದ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇರುವುದು ಇದಕ್ಕಾಗಿಯೇ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಶ್ರವಣ ಯಂತ್ರಗಳು ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತವೆ, ಕುಕ್ಕರಿನ ಸೀಟಿಯನ್ನೂ. ಸರಿಯಾದ ಯಂತ್ರವೂ ಮೊದಲ ದಿನವೇ ಹಿಡಿಸುವುದಿಲ್ಲ. ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ಎದುರು ಕೂತು ಮಾತಾಡಿಸಿ ಅಭ್ಯಾಸ ಮಾಡಿಸಬೇಕು; ಎರಡು ಮೂರು ಸಲ ಹೋಗಿ ಯಂತ್ರವನ್ನು ಹೊಂದಿಸಿಕೊಂಡು ಬರಬೇಕು. ಬಟನ್ ಬ್ಯಾಟರಿಯ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಸ್ಟಿಕರನ್ನು ಮತ್ತೆ ಅಂಟಿಸಿ ಬ್ಯಾಟರಿ ಉಳಿಸಲು ಬರುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಕಾಳಿನ ಡಬ್ಬಿಯಲ್ಲಿ ಇಡದಿದ್ದರೆ ಮುಂಬೈಯಲ್ಲಿ ಯಾವ ಯಂತ್ರವೂ ಬಾಳುವುದಿಲ್ಲ.

ಮರೆವಿನ ಪರೀಕ್ಷೆಯ ಬಗ್ಗೆಯೂ ಹೇಳಲೇಬೇಕು. ಇಲ್ಲಿ ಪ್ರಶ್ನೆಗಳು ಬರುವುದು ಹಿಂದಿಯಲ್ಲಿ, ಮರಾಠಿಯಲ್ಲಿ. ‘ಇದು ಯಾವ ತಿಂಗಳು’ ಎಂದಾಗ ತುಳುನಾಡಿನ ಅಜ್ಜಿ ‘ಆಟಿ’ ಎಂದರೆ ಬರೆಯುವವರು ಸೊನ್ನೆ ಹಾಕುತ್ತಾರೆ. ಜುಲೈ ಕೊನೆಯಲ್ಲಿ ಅದೇ ಸರಿಯುತ್ತರ! ಮಗನೋ ಮಗಳೋ ಪಕ್ಕದಲ್ಲಿ ಕೂತು ಪ್ರಶ್ನೆಯನ್ನಷ್ಟೇ ಮನೆಮಾತಿಗೆ ತಿರುಗಿಸಬೇಕು, ಉತ್ತರವನ್ನು ಸೇರಿಸಬಾರದು. ನಿಜವಾಗಿ ಮರೆವಿನ ಕಾಯಿಲೆ ಇರುವವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗಿ ಮನೆಮಾತು ಉಳಿಯುವುದುಂಟು. ಐವತ್ತು ವರ್ಷ ಮರಾಠಿಯಲ್ಲಿ ವ್ಯಾಪಾರ ಮಾಡಿದ ಅಪ್ಪ ಕೊನೆಗೆ ತುಳುವೋ ಕನ್ನಡವೋ ಮಾತ್ರ ಆಡಿದರೆ ಅದು ಹಟವಲ್ಲ. ಅಂಥವರನ್ನು ನೋಡಿಕೊಳ್ಳುವ ಮಾವ್ಶಿಗೆ, ಅಂದರೆ ಆರೈಕೆಯ ಹೆಂಗಸಿಗೆ, ಹತ್ತು ಮಾತು ಬರೆದು ಕಲಿಸಿ: ನೀರು, ನೋವು, ಬಚ್ಚಲು, ಸಾಕು, ಚಳಿ… ಹೀಗೆ. ಮೂರು ತಿಂಗಳಿಗೊಮ್ಮೆ ಬೊರಿವಲಿಯ ಮಗನ ಮನೆಯಿಂದ ಡೊಂಬಿವಲಿಯ ಮಗನ ಮನೆಗೆ ಸಾಗಿಸುವ ‘ಸಮಪಾಲು’ ಇಂಥವರಿಗೆ ಆಗಿಬರುವುದಿಲ್ಲ. ಬಚ್ಚಲ ದಾರಿ ಕಲಿಯುವುದರೊಳಗೆ ಗಂಟುಮೂಟೆ ಕಟ್ಟುವ ಹೊತ್ತಾಗಿರುತ್ತದೆ.

ಕಾಗದಪತ್ರದ ಕೆಲಸಗಳನ್ನು ಬೇಗ ಮುಗಿಸುತ್ತೇವೆ. 2024ರ ಅಕ್ಟೋಬರಿನಿಂದ 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಒಳರೋಗಿ ಚಿಕಿತ್ಸೆ ಇದೆ. ಆಧಾರಿನ ವಯಸ್ಸೇ ಲೆಕ್ಕ. ಊರಿನಲ್ಲಿ ಅಂದಾಜಿಗೆ ಬರೆಸಿದ ‘ಜನವರಿ 1’ ತಪ್ಪಿದ್ದರೆ ಈಗಲೇ ತಿದ್ದಿಸಿ, ಮೊಬೈಲು ಜೋಡಿಸಿ. ಈ ಯೋಜನೆಯ ಪಟ್ಟಿಯಲ್ಲಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಕಾಯಿಲೆ ಬೀಳುವ ಮೊದಲೇ ನೋಡಿಟ್ಟುಕೊಳ್ಳಿ. ಸರಕಾರಿ ಪಿಂಚಣಿದಾರರ ಜೀವನ ಪ್ರಮಾಣ ಪತ್ರ ನವೆಂಬರಿನಲ್ಲಿ. ಕೇಂದ್ರ ಸರಕಾರದವರಾಗಿ 80 ದಾಟಿದ್ದರೆ ಅಕ್ಟೋಬರಿನಿಂದಲೇ ಕೊಡಬಹುದು. ಪಿಎಫ್ ಪಿಂಚಣಿಯವರು ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ. ಬೀಡಿ ಕಟ್ಟಿ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದವರಿಗೆ ಬೆರಳಚ್ಚು ಹಿಡಿಯುವುದೇ ಇಲ್ಲ. ಅವರನ್ನು ಕೌಂಟರಿನಲ್ಲಿ ನಿಲ್ಲಿಸಿ ಐದೈದು ಸಲ ಬೆರಳು ಒತ್ತಿಸಬೇಡಿ, ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನವಿದೆ. ಕಿಟಕಿಗೆ ಮುಖ ಮಾಡಿ ಕೂರಿಸಿದರೆ ಬೇಗ ಆಗುತ್ತದೆ.

ಫ್ಲ್ಯಾಟನ್ನು ಮಕ್ಕಳ ಹೆಸರಿಗೆ ಈಗಲೇ ದಾನಪತ್ರ ಮಾಡಿಬಿಡುತ್ತೇವೆ ಎನ್ನುವ ಹಿರಿಯರಿಗೆ ನಿಜವಾಗಿ ಪ್ರೀತಿಸುವ ಮಕ್ಕಳೇ ‘ಈಗ ಬೇಡ’ ಎನ್ನಬೇಕು. ಉಯಿಲು ಸಾಕು. ಅದಕ್ಕೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಇಬ್ಬರು ಸಾಕ್ಷಿ ಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ದಾನಪತ್ರವೇ ಆಗಬೇಕಾದರೆ ‘ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಅದರೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನ ರದ್ದಾಗಲು ಆ ಸಾಲು ಬಹಳ ಮುಖ್ಯ. ತಾಯಿತಂದೆಯರ ಕೈಯಲ್ಲಿ ಅವರದ್ದೇ ಆದ ಸ್ವಲ್ಪ ಹಣ ಯಾವಾಗಲೂ ಇರಲಿ. ಮೊಮ್ಮಗುವಿಗೆ ಚಾಕಲೇಟು ಕೊಡಿಸಲು ಮಗನನ್ನು ಕೇಳಬೇಕಾದ ಅಜ್ಜ ಬೇಗ ಮುದುಕನಾಗುತ್ತಾನೆ.

‘ಮುಂಬೈ ಬೇಡ, ಊರಿಗೆ ಬಿಡು’ ಎನ್ನುವವರನ್ನು ಕಳಿಸಿಕೊಡಿ. ರೈಲಿನಲ್ಲಿ ಹಿರಿಯರ ಲೋವರ್ ಬರ್ತ್ ಕೋಟಾ ಸಿಗುವುದು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟಿಗೆ. ಮಕ್ಕಳು ಮೊಮ್ಮಕ್ಕಳ ಜೊತೆ ಒಂದೇ ಟಿಕೆಟಿನಲ್ಲಿ ಬರೆಸಿದರೆ ಕೈತಪ್ಪುತ್ತದೆ. ಅಪ್ಪ-ಅಮ್ಮನ ಟಿಕೆಟು ಬೇರೆ ತೆಗೆಯಿರಿ. ಮತ್ಸ್ಯಗಂಧವಾದರೆ ಠಾಣೆ, ಪನ್ವೇಲಿನಲ್ಲಿ ಓಡಿ ಹತ್ತಿಸುವುದಕ್ಕಿಂತ ಹೊರಡುವ ಜಾಗವಾದ ಕುರ್ಲಾ ಟರ್ಮಿನಸ್ಸಿನಲ್ಲೇ ಸಾವಕಾಶ ಕೂರಿಸಿ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಒಂದು ವಾರದ ಮಾತ್ರೆ ಹೆಚ್ಚಿಗೆ ಕೈಚೀಲದಲ್ಲೇ ಇರಲಿ, ಸೀಟಿನಡಿಯ ಸೂಟ್‌ಕೇಸಿನಲ್ಲಲ್ಲ. ಇನ್ಸುಲಿನ್ನನ್ನು ಮಂಜುಗಡ್ಡೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಒಂದು ಮಾತು ಖಾರವಾಗಿ ಕೇಳಿಸಬಹುದು. ಶುಭಾಶಯದ ಜಾಹೀರಾತಿನಲ್ಲಿ ಮಗನ ಹೆಸರು ಮೊದಲು. ಬಚ್ಚಲಲ್ಲಿ ಮಾತ್ರ ಸೊಸೆಯ ಕೈ. ಅತ್ತೆಯ ಡೈಪರ್ ಬದಲಿಸುವವಳು, ಮಾವನ ಮಾತ್ರೆ ಎಣಿಸುವವಳು ಅವಳೇ. ಅಪ್ಪನಿಗೆ ಸ್ನಾನ ಮಾಡಿಸಲು, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಲು ಗಂಡುಮಕ್ಕಳು ಕಲಿಯಬೇಕು. ಬೆರಳಿಂದ ಒತ್ತಿದರೂ ಮಾಸದ ಕೆಂಪು ಕಲೆ ಹಾಸಿಗೆ ಹುಣ್ಣಿನ ಮೊದಲ ಗುರುತು. ಅದನ್ನು ತಿಕ್ಕಬಾರದು, ಪೌಡರು ಸುರಿಯಬಾರದು, ಆ ಮಗ್ಗುಲಿಗೆ ಮಲಗಿಸಬಾರದು. ಅರ್ಧ ದಿನದಲ್ಲಿ ಕಲಿಯಬಹುದಾದ ವಿದ್ಯೆ ಇದು.

ಕೊನೆಗೆ ಸಂಪಾದಕರಲ್ಲಿ ಒಂದು ಕೇಳಿಕೆ. ಮದ್ದಿನಂಗಡಿಯವರು ಇಲ್ಲಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆದುಕೊಡುತ್ತಾರೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅದು ಕಾಗದವಷ್ಟೇ. ತಿಂಗಳಿಗೊಮ್ಮೆ ಕಾಲು ಪುಟದಲ್ಲಿ ಒಂದು ಖಾಲಿ ಕೋಷ್ಟಕ ಅಚ್ಚು ಹಾಕಿ: ಮದ್ದಿನ ಹೆಸರು, ಯಾತಕ್ಕೆ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮೊದಲೋ ಆಮೇಲೋ, ಬರೆದ ಡಾಕ್ಟರು ಯಾರು. ಕೆಳಗೆ ಅಲರ್ಜಿ, ರಕ್ತದ ಗುಂಪು, ಮಕ್ಕಳ ಫೋನು, ಜೊತೆಗೆ ಹಿರಿಯರ ಸಹಾಯವಾಣಿ 14567 ಮತ್ತು ಆಂಬ್ಯುಲೆನ್ಸಿನ 108. ಮಕ್ಕಳು ಅದನ್ನು ಕನ್ನಡದಲ್ಲಿ ತುಂಬಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಅಕ್ಷರ ಮಾತ್ರ ಕನ್ನಡಕ ಹುಡುಕದೆ ಓದುವಷ್ಟು ದಪ್ಪಗಿರಲಿ.

– ಹಿರಿಯರ ಮನೆ ಆರೈಕೆಯ ಕೆಲಸದಲ್ಲಿರುವ ಕೆಲವು ಓದುಗರು, ಮುಂಬೈ